ಮಡಕೆಯಿಂದ ಸೀಸೆಗೆ: ಕೂಡಿ ಕುಡಿಯುವ ರೂಢಿಯ ಚರಿತ್ರೆಗೊಂದು ಟಿಪ್ಪಣಿ

ಗೆಳೆಯರಿಬ್ಬರು ತಮ್ಮ ಸೀಮೆಯದೇ ಆದ ದ್ರಾಕ್ಷಾರಸದ ಸೀಸೆಯೊಂದನ್ನು ನಡುವೆ ಇರಿಸಿಕೊಂಡು ಕೂಡುವುದು ಇಂದು ಬೆಂಗಳೂರು, ಪುಣೆಗಳಲ್ಲಿ ಅಪರೂಪವಲ್ಲ. ಈ ರೂಢಿಗೆ ಚರಿತ್ರೆಯುಂಟೆ ಎಂದು ಕೇಳಿದರೆ ನಮ್ಮ ಬರವಣಿಗೆಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಎರಡೇ ವಿಷಯಗಳು: ಅಬಕಾರಿ ವರಮಾನ ಮತ್ತು ಪಾನನಿರೋಧ. ಕೂಡಿ ಕುಡಿಯುವ ಸಂಗಾತಿಗಳು ಈ ಎರಡರಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ‘ಸ್ಥಳೀಯ’ ಎಂಬ ವಿಶೇಷಣವು ಕನ್ನಡ ನಾಡಿನಲ್ಲಿ ಯಾವ ಪಾನೀಯಕ್ಕೆ ಹೇಗೆ ಸಂದಿತೆಂಬುದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಮೊದಲು ಶಬ್ದಗಳ ಸಾಕ್ಷ್ಯವನ್ನು ನೋಡಬಹುದು. ಹಳಗನ್ನಡದ ‘ಕಳ್’ ಎಂಬುದಕ್ಕೆ ತಮಿಳು, ಮಲಯಾಳ, ತೆಲುಗು, ತುಳುಗಳಲ್ಲಿ ಸಜಾತಿ ಪದಗಳಿವೆ. ಆದಕಾರಣ ಅದು ಈ ನೆಲದ ಹಳೆಯ ಪಾನೀಯವೆಂಬುದರಲ್ಲಿ ಸಂದೇಹವಿಲ್ಲ. ಕುಡಿಯುವಾಗ ನಂಜಿಕೊಳ್ಳುವ ತಿನಿಸಿಗೆ ‘ಚಕ್ಕಣ’ ಎಂಬ ಹೆಸರಿತ್ತು. ಸಂಸ್ಕೃತದ ‘ಚಕ್ಷಣ’ಕ್ಕೂ ಇದೇ ಅರ್ಥವಿದೆ. ಮುಂಬಯಿ, ಪುಣೆಗಳ ಓದುಗರಿಗೆ ‘ಚಖಣಾ’ ನೆನಪಾಗಬಹುದು. ಆದರೆ ಧ್ವನಿಸಾಮ್ಯವೊಂದನ್ನೇ ನೆಚ್ಚಿ ನಂಟನ್ನು ಕಲ್ಪಿಸುವುದು ಸರಿಯಲ್ಲ. ನಮಗೆ ಮುಖ್ಯವಾದುದು ಬೇರೆ: ನಂಜಿಕೊಳ್ಳುವ ತಿನಿಸಿಗೇ ಒಂದು ಹೆಸರಿದೆಯೆಂದರೆ ಕುಡಿತವು ನಿಂತ ನಿಲುವಿನಲ್ಲಿ ಮುಗಿಯುತ್ತಿದ್ದ ಕ್ರಿಯೆಯಾಗಿರಲಿಲ್ಲ, ಕುಳಿತು ಕಳೆಯುವ ಹೊತ್ತಾಗಿತ್ತು. ಪಂಪನು ಸುಮಾರು 941ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ಅರ್ಜುನನು ಇರುಳಿನಲ್ಲಿ ಸೂಳೆಗೇರಿಯನ್ನು ಹಾದುಹೋಗುವಾಗ ಕಾಣುವುದೂ ಇಂಥ ಪಾನಗೋಷ್ಠಿಯನ್ನೇ.

ಆಸ್ಥಾನಕವಿಯ ಈ ಚಿತ್ರದಿಂದ ಹಳ್ಳಿಯ ಕಡೆಗೆ ತಿರುಗಿದರೆ ಪಾನೀಯದ ಗುಣವೇ ಸಂಗವನ್ನು ನಿರ್ಣಯಿಸುವುದನ್ನು ಕಾಣುತ್ತೇವೆ. ಈಚಲು, ತಾಳೆ, ತೆಂಗಿನ ಮರಗಳಿಂದ ಇಳಿಸಿದ ರಸವು ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳಿಂದ ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ಒಂದೆರಡು ದಿನ ಕಳೆದರೆ ಕುಡಿಯಲು ಬಾರದು. ಅದನ್ನು ಕೂಡಿಡುವಂತಿಲ್ಲ, ದೂರ ಸಾಗಿಸುವಂತಿಲ್ಲ. ಇಳಿಸಿದ ಊರಿನಲ್ಲಿಯೇ, ಇಳಿಸಿದ ದಿನವೇ ಹಂಚಿ ಮುಗಿಸಬೇಕು. ಹೆಂಡವು ಸ್ಥಳೀಯವಾದುದು ಯಾರ ಅಭಿಮಾನದಿಂದಲೂ ಅಲ್ಲ, ತನ್ನ ಸ್ವಭಾವದಿಂದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನು ಈ ಕಾಯಕದ ಪರಿಭಾಷೆಯಲ್ಲಿಯೇ ಅನುಭಾವವನ್ನು ನುಡಿದನು. ಕರಾವಳಿಯಲ್ಲಿ ಮೂರ್ತೆಯ ಬಿಲ್ಲವರು, ಒಳನಾಡಿನಲ್ಲಿ ಈಡಿಗರು ಇದರಿಂದ ಬದುಕಿದರು. 1930ರ ದಶಕದಲ್ಲಿ ಜಿ. ಪಿ. ರಾಜರತ್ನಂ ಅವರ ‘ಯೆಂಡ್ಕುಡುಕ ರತ್ನ’ ಕಾವ್ಯಕ್ಕೆ ತಂದುದೂ ಈ ಲೋಕದ ಆಡುಮಾತನ್ನೇ.

ಅಳತೆಗೆ ಸಿಕ್ಕದ ಈ ಪಾನೀಯವನ್ನು ಸರಕಾರವು ಮರದ ಮೂಲಕ ಹಿಡಿಯಿತು. 1878ರ ಮುಂಬಯಿ ಅಬಕಾರಿ ಕಾಯಿದೆ, 1886ರ ಮದರಾಸು ಅಬಕಾರಿ ಕಾಯಿದೆಗಳ ಕಾಲದಲ್ಲಿ ಮರತೆರಿಗೆ ಹಾಗೂ ಅಂಗಡಿಗಳ ಹರಾಜು ವ್ಯವಸ್ಥಿತವಾದುವು. ಕನ್ನಡ ಜಿಲ್ಲೆಗಳು ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಈ ಚರಿತ್ರೆಯ ಆಕರಗಳೂ ಮುಂಬಯಿ, ಚೆನ್ನೈ, ಹೈದರಾಬಾದುಗಳ ದಫ್ತರಗಳಲ್ಲಿ ಹಂಚಿಹೋಗಿವೆ.

ದ್ರಾಕ್ಷಿಯ ಕಥೆ ಬೇರೆಯದು. ಬೆಂಗಳೂರಿನ ಸುತ್ತಲೂ ಬೆಳೆಯುವ ‘ಬೆಂಗಳೂರು ನೀಲಿ’ ಅಮೆರಿಕಾ ಮೂಲದ ವಂಶದ್ದು. 1988ರಲ್ಲಿ ಗ್ರೋವರ್ ಸಂಸ್ಥೆಯು ನಂದಿಬೆಟ್ಟದ ಬಳಿ ಕೈಗೊಂಡುದು ಫ್ರೆಂಚ್ ತಳಿಗಳ ಕೃಷಿ. ಮಹಾರಾಷ್ಟ್ರವು 2001ರಲ್ಲಿಯೂ ಕರ್ನಾಟಕವು 2007ರಲ್ಲಿಯೂ ಈ ಉದ್ಯಮಕ್ಕೆ ಪ್ರೋತ್ಸಾಹಕ ನೀತಿಗಳನ್ನು ಪ್ರಕಟಿಸಿದುವು. ಕನ್ನಡದಲ್ಲಿ ಇದಕ್ಕೆ ದೊರೆತ ಹೆಸರು, ಕನ್ನಡ ಬೈಬಲಿನಿಂದ ಚಿರಪರಿಚಿತವಾದ ‘ದ್ರಾಕ್ಷಾರಸ’. ಹೆಂಡ, ಸಾರಾಯಿಗಳಿಗೆ ಅಂಟಿದ ಕಳಂಕವು ಈ ಶಬ್ದಕ್ಕೆ ತಗುಲಲಿಲ್ಲ.

ಕಾಲಾನುಕ್ರಮವೇ ಇಲ್ಲಿ ವಿಚಾರಾರ್ಹವಾಗಿದೆ. 2004ರಲ್ಲಿ ಕರ್ನಾಟಕದ ಬಹುಭಾಗದಲ್ಲಿ ಹೆಂಡದ ಮಾರಾಟ ನಿಂತಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಮೂರ್ತೆ ಉಳಿಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ದ್ರಾಕ್ಷಾರಸಕ್ಕೆ ಪ್ರೋತ್ಸಾಹ ದೊರೆತುದೂ ಅದೇ ವರ್ಷ. ಸಾರಾಯಿಯು ಬಡ ಸಂಸಾರಗಳಿಗೆ ಮಾಡಿದ ಹಾನಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಭಟ್ಟಿಯಿಳಿಸಿದ ಸಾರಾಯಿಯನ್ನೂ ತಾನಾಗಿ ಹುಳಿಯುವ ಹೆಂಡವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ನಾಡು, ಹೆಂಡದಂತೆಯೇ ಹುಳಿಯಿಸಿ ಮಾಡಿದ ದ್ರಾಕ್ಷಾರಸಕ್ಕೆ ಬೇರೆ ತಕ್ಕಡಿಯನ್ನು ಹಿಡಿಯಿತು.

ಹೀಗೆ ನೆಲದ ಮರದಿಂದ ಇಳಿದುದು ಅಕ್ರಮವಾಗಿ, ಹೊರಗಣ ಬಳ್ಳಿಯಿಂದ ಬಂದುದು ‘ಸ್ಥಳೀಯ’ವಾಯಿತು. ಮೊಹರು ಮಾಡಿದ ಸೀಸೆಯನ್ನು ಎಣಿಸಬಹುದು, ಸಾಗಿಸಬಹುದು, ವರ್ಷಗಟ್ಟಲೆ ಇರಿಸಬಹುದು. ಅದನ್ನು ಯಾರೊಡನೆ ಹಂಚಿಕೊಳ್ಳಬೇಕೆಂಬುದು ಕೊಂಡವನ ಆಯ್ಕೆ. ಮಡಕೆಗೆ ಆ ಆಯ್ಕೆಯಿರಲಿಲ್ಲ. ಸಂಜೆಯೊಳಗೆ ಅದಕ್ಕೆ ಜೊತೆಗಾರರು ಬೇಕಾಗಿತ್ತು. ಪಾನೀಯದ ಚರಿತ್ರೆಯನ್ನು ಬರೆಯುವವರು ಮದ್ಯದ ಪ್ರಮಾಣವನ್ನಷ್ಟೇ ಅಲ್ಲದೆ, ಅದರ ಸುತ್ತ ಯಾರು ಕುಳಿತಿದ್ದರು, ಯಾರು ಎದ್ದುಹೋಗಬೇಕಾಯಿತು ಎಂಬುದನ್ನೂ ದಾಖಲಿಸಬೇಕೆಂದು ನಾವು ಭಾವಿಸುತ್ತೇವೆ.