ಗುಂಡಿಯಿಂದ ಬಯಲಿಗೆ: ಭೂದೃಶ್ಯ ಪುರಾತತ್ತ್ವ ನಡೆದು ಬಂದ ದಾರಿ

ಪುರಾತತ್ತ್ವವೆಂದರೆ ಉತ್ಖನನ, ಉತ್ಖನನವೆಂದರೆ ದಾರ ಕಟ್ಟಿ ಅಳತೆಗೆ ತೋಡಿದ ಗುಂಡಿ. ಸ್ನಾತಕೋತ್ತರ ತರಗತಿಗೆ ಬರುವ ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಇದೇ ಚಿತ್ರ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಪದರ ಪದರವಾಗಿ ಬಿಡಿಸಿಟ್ಟ ಕಾಲಾನುಕ್ರಮದ ಬೆಲೆ ದೊಡ್ಡದು. ಆದರೆ ಅಂಥ ನೆಲೆಯಲ್ಲಿ ಬಾಳಿದವರು ನೀರು ಎಲ್ಲಿಂದ ತಂದರು, ದನ ಎಲ್ಲಿ ಮೇಯಿಸಿದರು, ಕಲ್ಲು ಎಲ್ಲಿ ಒಡೆದರು? ಈ ಪ್ರಶ್ನೆಗಳು ಗುಂಡಿಯ ಅಂಚು ದಾಟಿ ಬಯಲಿಗೆ ಎಳೆಯುತ್ತವೆ. ಆ ಬಯಲನ್ನೇ ಓದುವುದು ಭೂದೃಶ್ಯ ಪುರಾತತ್ತ್ವ.

ಬೇರೆಡೆ ಈ ದಾರಿ ಮೊದಲೇ ತೆರೆದಿತ್ತು. ಇಂಗ್ಲೆಂಡಿನಲ್ಲಿ ಓ.ಜಿ.ಎಸ್. ಕ್ರಾಫರ್ಡ್ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಹಳೆಯ ಹೊಲಗಳ ಬದುಗಳನ್ನು ಗುರುತಿಸಿದರು. ಅಲೆಕ್ಸಾಂಡರ್ ಕೀಲರ್ ಜೊತೆಗೂಡಿ 1928ರಲ್ಲಿ ಪುಸ್ತಕ ತಂದರು. ಪೆರುವಿನಲ್ಲಿ ಗಾರ್ಡನ್ ವಿಲ್ಲಿ ವಿರು ಕಣಿವೆಯ ನೆಲೆಗಳನ್ನು ನಕ್ಷೆಗಿಳಿಸಿ 1953ರಲ್ಲಿ ಪ್ರಕಟಿಸಿದರು. 1955ರಲ್ಲಿ ಡಬ್ಲ್ಯು.ಜಿ. ಹಾಸ್ಕಿನ್ಸ್ ಬೇಲಿ, ಕಾಲುದಾರಿ, ಹಾಳೂರುಗಳನ್ನೇ ದಾಖಲೆಗಳಂತೆ ಓದಿದರು. ನೆಲದ ಮೇಲೆ ನಡೆಯುವ ಮನುಷ್ಯನ ಅನುಭವವೇ ಮುಖ್ಯವೆಂದು 1994ರಲ್ಲಿ ಕ್ರಿಸ್ಟೋಫರ್ ಟಿಲಿ ವಾದಿಸಿದರು. ವಾದ ಸೆಳೆಯುತ್ತದೆ, ನಿಜ. ಆದರೆ ನಡೆಯುವವನು ಇಂದಿನವನಲ್ಲವೇ ಎಂಬ ಆಕ್ಷೇಪದಲ್ಲೇ ನನಗೆ ಹೆಚ್ಚು ತೂಕ ಕಾಣುತ್ತದೆ.

ದಖ್ಖನಿನ ಕತೆ ಇದಕ್ಕಿಂತ ಸ್ವಾರಸ್ಯಕರ. ರಾಯಚೂರು, ಬಳ್ಳಾರಿ ಸೀಮೆಯ ಬೂದಿಗುಡ್ಡಗಳು ಏನೆಂದು ಹತ್ತೊಂಬತ್ತನೆಯ ಶತಮಾನದಿಂದಲೂ ಚರ್ಚೆಯಿತ್ತು. ಇಂದು ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ 1957ರಲ್ಲಿ ಎಫ್.ಆರ್. ಆಲ್ಚಿನ್ ಅಗೆದಾಗ ಬೇಲಿಯ ಗೂಟದ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಅದು ನವಶಿಲಾಯುಗದ ದೊಡ್ಡಿ. ಬೂದಿ ಸುಟ್ಟ ಸಗಣಿಯದು. ಒಂದು ಗೊರಸಿನ ಗುರುತು ಸಿಕ್ಕ ಕೂಡಲೇ ಹುಲ್ಲುಗಾವಲು, ನೀರಿನ ತಾಣ, ದನ ಹೊಡೆದುಕೊಂಡು ಹೋದ ದಾರಿ ಎಲ್ಲವನ್ನೂ ಹುಡುಕಲೇಬೇಕಾಗುತ್ತದೆ. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಹುಣಸಗಿ, ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಸುತ್ತಿ ಆದಿಶಿಲಾಯುಗದ ನೆಲೆಗಳನ್ನು ಒಂದೊಂದಾಗಿ ಗುರುತಿಸಿದರು. ಬುಗ್ಗೆ, ಹಳ್ಳ, ಸುಣ್ಣಗಲ್ಲಿನ ಒಡ್ಡುಗಳ ನಡುವೆ ಆ ಜನ ಮಳೆಗಾಲ ಬೇಸಿಗೆಗಳನ್ನು ಹೇಗೆ ಕಳೆದಿರಬಹುದೆಂದು ಕೇಳಿದರು.

ಹಂಪಿಯಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ 1980ರಿಂದ ನಗರದ ಒಳಭಾಗವನ್ನು ಅಳೆದರು. ಕಾರ್ಲಾ ಸಿನೋಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1987ರಿಂದ 1997ರವರೆಗೆ ಸುತ್ತಲಿನ ಸೀಮೆಯನ್ನು ಸಾಲಾಗಿ ನಡೆದು ಸಮೀಕ್ಷಿಸಿದರು. ಮಾರಿಸನ್ ಕಮಲಾಪುರ ಕೆರೆಯ ಹೂಳಿನಲ್ಲಿ ಪರಾಗದ ಕಣಗಳನ್ನೂ ಹುಡುಕಿದರು. ವಿಜಯನಗರ ಸಾಮ್ರಾಜ್ಯದ ಕತೆಗೆ ಗದ್ದೆ, ಕೆರೆ, ಕಾಲುವೆಗಳು ಬಂದು ಸೇರಿದವು. ನಮ್ಮ ಚರಿತ್ರೆ ಬರವಣಿಗೆಯಲ್ಲಿ ಇದು ದೊಡ್ಡ ತಿರುವು ಎಂದೇ ನನ್ನ ಅಭಿಪ್ರಾಯ.

ಈಗ ಈ ವಿಷಯವನ್ನು ಓದಲು ಹೊರಟ ವಿದ್ಯಾರ್ಥಿಯ ಮಾತು. ಜಿಐಎಸ್, ಡ್ರೋನ್, ಉಪಗ್ರಹ ಚಿತ್ರಗಳನ್ನು ಕಲಿಯಲೇಬೇಕು. 1995ರಲ್ಲಿ ಬಹಿರಂಗವಾದ ಅಮೆರಿಕದ ಕರೋನಾ ಬೇಹುಗಾರಿಕೆ ಉಪಗ್ರಹದ ಚಿತ್ರಗಳಲ್ಲಿ 1960ರ ದಶಕದ ನೆಲ ಕಾಣುತ್ತದೆ. ಆದರೆ ಹಳೆಯ ಕೆರೆಯೊಂದರ ತೂಬಿನ ಮುಂದೆ ನಿಂತಾಗ ಯಂತ್ರ ಸಾಲದು. ನೆಟ್ಟಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡ ಕಲ್ಲು, ಕೆಳಗೆ ನೀರು ಬಿಡುವ ಕಿಂಡಿ. ಕಂಬಗಳು ಎಷ್ಟು ಹೂತಿವೆ ಎಂಬುದರಿಂದ ಹೂಳಿನ ಅಂದಾಜು ಸಿಗುತ್ತದೆ. ಏರಿಯಾಚೆಯ ಗದ್ದೆಯ ಹೆಸರು ಹಳೆಯ ಶಾಸನದಲ್ಲಿದ್ದರೂ ಇರಬಹುದು. ಬಿ.ಎಲ್. ರೈಸ್ 1886ರಲ್ಲಿ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಕೆರೆ, ತೂಬು, ಎಲ್ಲೆಕಲ್ಲುಗಳ ವಿವರ ತುಂಬಿ ತುಳುಕುತ್ತಿದೆ. ಹಳಗನ್ನಡ ಓದಬಲ್ಲ, ಗ್ರಾಮನಕ್ಷೆಯ ಸರ್ವೆ ನಂಬರ್ ಹಿಡಿದು ಹೊಲಕ್ಕೆ ಹೋಗಬಲ್ಲ, ರೈತರೊಡನೆ ಕೂತು ಮಾತಾಡಬಲ್ಲ ಕನ್ನಡದ ವಿದ್ಯಾರ್ಥಿಗೆ ಇದು ದೊಡ್ಡ ಬಂಡವಾಳ. ಕ್ಷೇತ್ರಕಾರ್ಯವನ್ನು ಒಂದು ವಾರದ ಪ್ರವಾಸಕ್ಕೆ ಇಳಿಸದೆ ಅದಕ್ಕೆ ಪೂರ್ತಿ ಸೆಮಿಸ್ಟರ್ ಕೊಟ್ಟರೆ ಮಾತ್ರ ಆ ಬಂಡವಾಳ ದುಡಿಯುತ್ತದೆ.

ತಡಮಾಡುವಂತಿಲ್ಲ. ಬೂದಿಗುಡ್ಡಗಳ ಮಣ್ಣು ಗೊಬ್ಬರಕ್ಕೆಂದು ಹೊಲ ಸೇರಿದೆ. ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳ ಬಂಡೆಚಿತ್ರಗಳ ಪಕ್ಕದಲ್ಲೇ ಕಲ್ಲುಗಣಿಗಾರಿಕೆ ನಡೆದಿದೆ. ಗುಂಡಿ ತೋಡಲು ಪರವಾನಗಿ ಬೇಕು, ಹಣ ಬೇಕು. ಒಂದು ಕೆರೆಯ ಏರಿ, ತೂಬು, ಕೋಡಿ, ಅಚ್ಚುಕಟ್ಟನ್ನು ನಡೆದು ನೋಡಿ ನಕ್ಷೆಗಿಳಿಸುವ ಪ್ರಬಂಧವನ್ನು ಒಬ್ಬ ಎಂ.ಎ. ವಿದ್ಯಾರ್ಥಿ ಈ ವರ್ಷವೇ ಶುರುಮಾಡಬಹುದು.