ಜೀಪಿನ ಬಿಗಿಗೇರು

ಎರಡನೆಯ ಮಹಾಯುದ್ಧದ ಕಾಲದ ಜೀಪನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರ ಬಾಯಲ್ಲಿ ಆಗಾಗ ಕೇಳಿಬರುವ ದೂರೆಂದರೆ, ಗೇರು ಬಹಳ ಬಿಗಿ, ಹಾಕಿದರೆ ಬೀಳುವುದಿಲ್ಲ ಎಂಬುದು. ಈ ಬಿಗಿಯಲ್ಲಿ ಹುಟ್ಟಿನಿಂದ ಬಂದುದೆಷ್ಟು, ಮುಪ್ಪಿನಿಂದ ಬಂದುದೆಷ್ಟು ಎಂಬ ವಿವೇಚನೆಯಿಲ್ಲದೆ ಗೇರ್‌ಬಾಕ್ಸನ್ನು ಬಿಚ್ಚಲು ಹೊರಡುವುದು ಆ ಯಂತ್ರಕ್ಕೆ ಮಾಡುವ ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ. ಆ ವಿವೇಚನೆಗಾದರೋ ಅದರ ಚರಿತ್ರೆಯನ್ನು ಬಲ್ಲವರಾಗಬೇಕು.

1940ರಲ್ಲಿ ಅಮೆರಿಕದ ಸೇನೆಯು ಕಾಲು ಟನ್ನು ಭಾರ ಹೊರಬಲ್ಲ ಹಗುರವಾದ ವಾಹನವೊಂದನ್ನು ಬಯಸಿ, ಅದರ ಮೊದಲ ಮಾದರಿಗೆ 49 ದಿನಗಳ ಗಡುವನ್ನು ವಿಧಿಸಲಾಗಿ, ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿಯು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನಕ್ಷೆಗಳಂತೆ ವಾಹನವನ್ನು ಕಟ್ಟಿ, ಸೆಪ್ಟೆಂಬರ್ 23ರಂದು ಮೇರಿಲೆಂಡಿನ ಹೋಲಾಬರ್ಡ್ ಶಿಬಿರಕ್ಕೆ ಒಪ್ಪಿಸಿತು. ತರುವಾಯ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕು ಜೀಪುಗಳನ್ನು ತಯಾರಿಸಿದವು. ಅವೆಲ್ಲಕ್ಕೂ ಇದ್ದುದು ಟಿ-84 ಎಂಬ, ಲೀಟರಿಗಿಂತ ಕಡಿಮೆ ಎಣ್ಣೆ ಹಿಡಿಯುವ, ಮೂರು ಗೇರುಗಳ ಪುಟ್ಟ ಗೇರ್‌ಬಾಕ್ಸು.

ಗೇರು ಬದಲಿಸಲು ಫ್ರಾನ್ಸಿನ ಎಂಜಿನಿಯರ್ ಲೆವಾಸರ್ 1890ರ ದಶಕದಲ್ಲಿ ರೂಢಿಗೆ ತಂದ ಕ್ರಮದಲ್ಲಿ ತಿರುಗುತ್ತಿರುವ ಹಲ್ಲುಚಕ್ರವನ್ನು ಸರಿಸಿ ಮತ್ತೊಂದು ಚಕ್ರದ ಹಲ್ಲುಗಳೊಳಕ್ಕೆ ನೇರವಾಗಿ ನೂಕಬೇಕಾಗಿದ್ದಿತು. ಎರಡರ ವೇಗವನ್ನೂ ಸರಿದೂಗಿಸುವ ಹೊಣೆ ಚಾಲಕನದೇ. 1928ರಲ್ಲಿ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಕಾಣಿಸಿಕೊಂಡ, ಅರ್ಲ್ ಥಾಂಪ್ಸನ್ ಕಲ್ಪಿಸಿದ ಸಿಂಕ್ರೊಮೆಶ್ ಏರ್ಪಾಡು ಆ ಹೊಣೆಯನ್ನು ಘರ್ಷಣೆಯ ಬಲದಿಂದ ತಾನೇ ವಹಿಸಿಕೊಂಡಿತು. ಜೀಪಿನಲ್ಲಿ ಈ ಅನುಕೂಲ ದೊರೆತುದು ಎರಡನೆಯ ಹಾಗೂ ಮೂರನೆಯ ಗೇರುಗಳಿಗೆ ಮಾತ್ರ. ಮೊದಲನೆಯದೂ ರಿವರ್ಸೂ ಹಳೆಯ ಪದ್ಧತಿಯಲ್ಲಿಯೇ ಉಳಿದವು. ಆದುದರಿಂದ ಓಡುತ್ತಿರುವ ಜೀಪು ಮೊದಲ ಗೇರಿಗೆ ಇಳಿಯಲೊಲ್ಲದೆ ಕರಕರನೆ ಕೂಗಿದರೆ ಅದು ರೋಗವಲ್ಲ, ಸ್ವಭಾವ. ಗಾಡಿಯನ್ನು ನಿಲ್ಲಿಸಿ ಹಾಕಬೇಕು, ಇಲ್ಲವೆ ಕ್ಲಚ್ಚನ್ನು ಎರಡು ಬಾರಿ ತುಳಿದು, ನಡುವೆ ನ್ಯೂಟ್ರಲ್ಲಿನಲ್ಲಿ ಎಂಜಿನ್ನಿನ ವೇಗವನ್ನು ಏರಿಸಿ, ಹಲ್ಲುಗಳನ್ನು ಹೊಂದಿಸಿಕೊಳ್ಳಬೇಕು.

ಇದನ್ನೆಲ್ಲ ಲಕ್ಷಾಂತರ ತರುಣರಿಗೆ, ಅದರಲ್ಲಿಯೂ ಮೋಟಾರನ್ನು ಹಿಂದೆಂದೂ ಮುಟ್ಟದಿದ್ದವರಿಗೆ ಕಲಿಸಬೇಕಾದ ಕಷ್ಟ ಸೇನೆಯದಾಗಿದ್ದಿತು. ದುರಸ್ತಿಯ ಕೆಲಸವನ್ನು ಅದು ಐದು ಹಂತಗಳಾಗಿ ವಿಭಾಗಿಸಿ, ಶುಚಿ, ಎಣ್ಣೆ, ತಪಾಸಣೆಗಳನ್ನು ಚಾಲಕನಿಗೆ ಬಿಟ್ಟು, ಗೇರ್‌ಬಾಕ್ಸನ್ನು ಬಿಚ್ಚುವ ಅಧಿಕಾರವನ್ನು ಮೇಲಿನ ಹಂತಗಳ ಕುಶಲರಿಗೆ ಕಾದಿರಿಸಿತು. ಮೊದಲ ಜೀಪನ್ನು ಬರಮಾಡಿಕೊಂಡ ಅದೇ ಹೋಲಾಬರ್ಡಿನಿಂದ ಹೊರಡುತ್ತಿದ್ದ 'ಆರ್ಮಿ ಮೋಟರ್ಸ್' ಪತ್ರಿಕೆಯಲ್ಲಿ ವಿಲ್ ಐಸ್ನರ್ ಎಂಬ ಚಿತ್ರಕಾರನು ಜೋ ಡೋಪ್ ಎಂಬ ಎಡವಟ್ಟು ಸಿಪಾಯಿಯನ್ನು ಸೃಷ್ಟಿಸಿ, ವಾಹನವನ್ನು ಹೇಗೆ ನಡೆಸಿಕೊಳ್ಳಬಾರದೆಂಬುದನ್ನು ಚಿತ್ರಗಳಲ್ಲಿಯೇ ಬೋಧಿಸಿದನು. ಯಂತ್ರದ ಆರೈಕೆಯನ್ನು ಇಷ್ಟು ಜನಸಾಮಾನ್ಯವಾಗಿಸಿದ ಪ್ರಯತ್ನಕ್ಕೆ ನನಗೆ ಅಪಾರ ಗೌರವವಿದೆ.

ಯುದ್ಧಾನಂತರ ಜೀಪು ನಾಗರಿಕರ ಸ್ವತ್ತಾಯಿತು. ಭಾರತದಲ್ಲಿ ಮಹೀಂದ್ರ ಕಂಪನಿಯು 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳ ಏರುದಾರಿಗಳಲ್ಲಿ ಆ ವಂಶದ ಗಾಡಿಗಳು ದೀರ್ಘಕಾಲ ದುಡಿದವು. ಸೇನೆಯ ಐದು ಹಂತಗಳು ಇಲ್ಲಿ ಒಬ್ಬ ಮೇಸ್ತ್ರಿಯ ಎರಡು ಕೈಗಳಲ್ಲಿ ಬಂದು ಸೇರಿದುವು.

ಬಲ್ಲ ಮೇಸ್ತ್ರಿಯು ಮೊದಲು ಎಂಜಿನ್ನನ್ನು ನಿಲ್ಲಿಸಿ ಗೇರು ಹಾಕಿ ನೋಡುವನು. ಆಗ ಸರಾಗವಾಗಿ ಬಿದ್ದು, ಎಂಜಿನ್ ನಡೆಯುವಾಗ ಮಾತ್ರ ಬಿಗಿಯಾಗುವುದಾದರೆ ದೋಷವು ಬಹುಮಟ್ಟಿಗೆ ಗೇರ್‌ಬಾಕ್ಸಿನ ಹೊರಗಿನದು: ಪೆಡಲಿನ ಅಳತೆ ತಪ್ಪಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿದೆ, ಅಥವಾ ಶಾಫ್ಟಿನ ಮುಂತುದಿಯನ್ನು ಹೊತ್ತ ಕಂಚಿನ ಬುಷ್ಷು ಒಣಗಿ ಹಿಡಿದುಕೊಂಡು, ಕ್ಲಚ್ಚು ಬಿಟ್ಟರೂ ಶಾಫ್ಟನ್ನು ತಿರುಗಿಸುತ್ತಲೇ ಇದೆ. ಎಂಜಿನ್ ನಿಂತಾಗಲೂ ಬಿಗಿಯಿದ್ದರೆ ಮಾತ್ರ ಮೇಲಿನ ಮುಚ್ಚಳವನ್ನು ತೆಗೆದು, ಗೇರಿನ ಕವಲುಗಳನ್ನು ಹೊತ್ತು ಸರಿಯುವ ಸರಳುಗಳಲ್ಲಿ ತುಕ್ಕು, ಗಾಯ, ಬಾಗುಗಳನ್ನೂ ಅವನ್ನು ಸ್ಥಾನದಲ್ಲಿ ಹಿಡಿಯುವ ಗುಂಡು, ಸ್ಪ್ರಿಂಗುಗಳನ್ನೂ ಪರೀಕ್ಷಿಸಬೇಕು. ಲೀವರಿಗೆ ಪೈಪು ತೊಡಿಸಿ ಬಲಪ್ರಯೋಗ ಮಾಡುವುದರಿಂದ ಕವಲು ಬಾಗುವುದೇ ಹೊರತು ಗೇರು ಸಡಿಲವಾಗದು.

ಎಣ್ಣೆಯ ವಿಷಯದಲ್ಲಿ ಈ ಕಾಲದವರು ವಿಶೇಷ ಜಾಗರೂಕರಾಗಿರಬೇಕು. ಹಳೆಯ ಎಣ್ಣೆ ಜಿಗುಟಾಗಿ ಗಟ್ಟಿಯಾಗಿದ್ದರೆ ಅದನ್ನು ಬದಲಿಸಿದಷ್ಟರಿಂದಲೇ ಗುಣ ಕಾಣಬಹುದು. ಆದರೆ ಡಿಫರೆನ್ಷಿಯಲ್ಲುಗಳಿಗೆಂದು ಮಾರುವ ಕೆಲವು ಆಧುನಿಕ ಎಣ್ಣೆಗಳಲ್ಲಿನ ಗಂಧಕದ ಸಂಯುಕ್ತಗಳು ಸಿಂಕ್ರೊಮೆಶ್ಶಿನ ತಾಮ್ರಮಿಶ್ರ ಲೋಹದ ಉಂಗುರಗಳನ್ನು ಕೊರೆಯಬಲ್ಲವು. ಅತಿಯಾದ ಜಾರುಗುಣವೂ ಅವಕ್ಕೆ ಹಿತವಲ್ಲ, ಏಕೆಂದರೆ ಆ ಉಂಗುರಗಳು ಕೆಲಸ ಮಾಡುವುದೇ ಘರ್ಷಣೆಯಿಂದ. ಹಳೆಯ ಬಗೆಯ ಸಾದಾ ಖನಿಜದ 90ನೆಯ ಅಂಕದ ಗೇರ್ ಆಯಿಲ್ಲನ್ನೇ ಹುಡುಕಿ ತುಂಬುವುದು ಯೋಗ್ಯವಾದುದು.