ಕೆನ್ನಾಯಿಯಿಂದ ಒಲೆಯವರೆಗೆ: ಕೃಪಾಕರ–ಸೇನಾನಿ ಅವರ ಕೆಲಸದ ಬಗ್ಗೆ ಒಂದು ಟಿಪ್ಪಣಿ

ಕೃಪಾಕರ ಮತ್ತು ಸೇನಾನಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಕನ್ನಡ ಓದುಗರ ಬಾಯಲ್ಲಿ ಮಾತ್ರ ಅದು ಒಂದೇ ಹೆಸರು. ಮೈಸೂರಿನ ಈ ಜೋಡಿಯ ಬಗ್ಗೆ ನಡೆಯುವ ಚರ್ಚೆ ಸಾಮಾನ್ಯವಾಗಿ ಮೂರು ದಿಕ್ಕಿಗೆ ಹಂಚಿಹೋಗುತ್ತದೆ. ದರೋಡೆಕೋರ ವೀರಪ್ಪನ್ ಹಿಡಿದೊಯ್ದ ಛಾಯಾಗ್ರಾಹಕರು ಎಂಬುದು ಒಂದು. ಕಾಡುನಾಯಿಗಳ ಚಿತ್ರಕ್ಕೆ ‘ಗ್ರೀನ್ ಆಸ್ಕರ್’ ಪಡೆದವರು ಎಂಬುದು ಇನ್ನೊಂದು. ಬಂಡೀಪುರದ ಅಂಚಿನ ಹಳ್ಳಿಗಳಿಗೆ ಅಡುಗೆ ಅನಿಲ ಮುಟ್ಟಿಸಿದವರು ಎಂಬುದು ಮೂರನೆಯದು. ಮೊದಲನೆಯದನ್ನು ಸಾಹಿತ್ಯದವರು, ಎರಡನೆಯದನ್ನು ಸಿನಿಮಾದವರು, ಮೂರನೆಯದನ್ನು ಪರಿಸರದವರು ಓದಿ ತಂತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಮೂರಕ್ಕೂ ಇರುವ ನಂಟನ್ನು ವಿವರಿಸಬೇಕಾಗಿ ಬಂದಾಗ ಸಿಗುವ ಸುಲಭದ ಉತ್ತರ ಇದು: ಪುಸ್ತಕ ಮತ್ತು ಚಿತ್ರಗಳಿಂದ ಹೆಸರು ಬಂತು, ಹೆಸರು ಸಂರಕ್ಷಣೆಯ ಕೆಲಸಕ್ಕೆ ಬಳಕೆಯಾಯಿತು. ಈ ವಿವರಣೆ ನನಗೆ ಒಪ್ಪಿಗೆಯಿಲ್ಲ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕೂತು, ಒಂದೊಂದು ಜೀವಿಯನ್ನೂ ಬೇರೆ ಬೇರೆಯಾಗಿ ಗುರುತಿಸಿ ನೋಡುವ ಕ್ರಮವೇ ಮೂರೂ ಕೆಲಸಗಳನ್ನು ಹುಟ್ಟಿಸಿದೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಅಪಹರಣದ ಮಾತು, ಅದು ಎಲ್ಲರಿಗೂ ಗೊತ್ತಿರುವುದರಿಂದ ಚುಟುಕಾಗಿ. 1997ರ ಅಕ್ಟೋಬರಿನಲ್ಲಿ ವೀರಪ್ಪನ್ ತಂಡ ಬಂಡೀಪುರದ ಕಾಡಂಚಿನ ಮನೆಯಿಂದ ಇಬ್ಬರನ್ನೂ ಒಯ್ದಿತು. ಇವರು ಸರಕಾರದ ದೊಡ್ಡ ಅಧಿಕಾರಿಗಳಿರಬೇಕೆಂದು ಅವನು ತಿಳಿದಿದ್ದ. ಹದಿನಾಲ್ಕು ದಿನಗಳ ನಂತರ ಬಿಡುಗಡೆಯಾಯಿತು. ಆ ಅನುಭವದ ಪುಸ್ತಕ ಕನ್ನಡದಲ್ಲಿ ಜನಪ್ರಿಯವಾಯಿತು, ಎಸ್. ಆರ್. ರಾಮಕೃಷ್ಣ ಅವರ ಅನುವಾದದಲ್ಲಿ ‘ಬರ್ಡ್ಸ್, ಬೀಸ್ಟ್ಸ್ ಅಂಡ್ ಬ್ಯಾಂಡಿಟ್ಸ್’ ಎಂಬ ಹೆಸರಿನಿಂದ ಪೆಂಗ್ವಿನ್ ಅದನ್ನು 2011ರಲ್ಲಿ ಇಂಗ್ಲಿಷಿನಲ್ಲಿ ತಂದಿತು. 2000ದಲ್ಲಿ ವೀರಪ್ಪನ್ ನಟ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಮೇಲೆ ಅವನ ಕುರಿತ ಯಾವ ಬರಹವನ್ನೂ ದರೋಡೆಕೋರನ ಕಥೆಯಾಗಿಯೇ ಓದುವ ರೂಢಿ ಬಿತ್ತು. ಹಾಗಾಗಿ ಈ ಪುಸ್ತಕವೂ ಆ ರಾಶಿಯಲ್ಲಿ ಸೇರಿಹೋಯಿತು. ಅದು ಆ ಜಾತಿಯದಲ್ಲ. ಪ್ರಾಣಿಗಳ ನಡವಳಿಕೆಯನ್ನು ತೀರ್ಪು ಕೊಡದೆ ನೋಡಿ ಬರೆದುಕೊಳ್ಳುವವರ ಕಣ್ಣು ಇಲ್ಲಿ ಮನುಷ್ಯರ ಒಂದು ಗುಂಪಿನ ಮೇಲೆ ಬಿದ್ದಿದೆ. ಯಾರ ಮಾತಿಗೆ ಯಾರು ಬೆಲೆ ಕೊಡುತ್ತಾರೆ, ಯಾರು ಯಾರಿಗೆ ಹೆದರುತ್ತಾರೆ, ನಗು ಯಾವಾಗ ಬರುತ್ತದೆ ಎಂಬುದೆಲ್ಲ ಅಲ್ಲಿ ಮುಖ್ಯ. ಆನೆಗಳನ್ನು ಕೊಂದ ಕೈಗಳೇ ಕಾಡಿನ ಸೂಕ್ಷ್ಮಗಳನ್ನು ಬಲ್ಲ ಕೈಗಳೂ ಆಗಿರುವ ತೊಡಕನ್ನು ಲೇಖಕರು ಬಿಡಿಸಲು ಹೋಗಿಲ್ಲ, ತೊಡಕಾಗಿಯೇ ಉಳಿಸಿದ್ದಾರೆ. ಕಾಡಿನ ವೈರಿಯೆಂದರೆ ಯಾರೋ ಒಬ್ಬ ಖಳ ಎಂಬ ಸರಳ ಚಿತ್ರ ಅವರಿಗೆ ಸಾಲದಾದದ್ದು ಇಲ್ಲಿಂದಲೇ ಇರಬಹುದು.

ಈಗ ಕೆನ್ನಾಯಿ, ಅಂದರೆ ಕಾಡುನಾಯಿ. ಇದೇ ನಮ್ಮ ವಿಷಯದ ನಡುಗಂಬ.

ಭಾರತದ ದೊಡ್ಡ ಬೇಟೆಪ್ರಾಣಿಗಳಲ್ಲಿ ಕೆನ್ನಾಯಿಯಷ್ಟು ಕೆಟ್ಟ ಹೆಸರು ಹೊತ್ತದ್ದು ಇನ್ನೊಂದಿಲ್ಲ. ಹುಲಿಗೆ ಗಾಂಭೀರ್ಯವಿತ್ತು, ಚಿರತೆಗೆ ಜಾಣತನವಿತ್ತು. ಓಡುತ್ತಿರುವ ಜಿಂಕೆಯನ್ನು ಜೀವಂತವಾಗಿ ಹರಿದು ತಿನ್ನುವ ಈ ಗುಂಪುನಾಯಿಗೆ ಶಿಕಾರಿ ಸಾಹಿತ್ಯ ಕೊಟ್ಟದ್ದು ಕ್ರೌರ್ಯ ಒಂದನ್ನೇ. ಬ್ರಿಟಿಷರ ಕಾಲದಲ್ಲಿ ಅದನ್ನು ಪೀಡೆಯೆಂದು ಸಾರಿ, ಕೊಂದು ತಂದವರಿಗೆ ಇನಾಮು ಕೊಡುತ್ತಿದ್ದರು. ಸ್ವಾತಂತ್ರ್ಯದ ನಂತರವೂ ಈ ಪದ್ಧತಿ ಒಮ್ಮೆಗೇ ನಿಲ್ಲಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರಬೇಕಾಯಿತು. ಆ ಕಾಯ್ದೆಯಲ್ಲೂ ಹುಲಿಗೆ ಮೊದಲ ಅನುಸೂಚಿಯ ಸ್ಥಾನ ಸಿಕ್ಕಿದರೆ ಕೆನ್ನಾಯಿಗೆ ಸಿಕ್ಕಿದ್ದು ಎರಡನೆಯದು. 2022ರ ತಿದ್ದುಪಡಿಯಲ್ಲಿ ಅದು ಮೊದಲನೆಯದಕ್ಕೆ ಏರಿತು. ನಡುವಿನ ಐವತ್ತು ವರ್ಷಗಳಲ್ಲಿ ಆ ಪ್ರಾಣಿಯನ್ನು ನೋಡುವ ಕಣ್ಣು ಬದಲಾಯಿತು. ಆ ಬದಲಾವಣೆಯ ಬಹುಭಾಗ ನಡೆದದ್ದು ಕರ್ನಾಟಕದ ಬಂಡೀಪುರದಲ್ಲೇ.

ವಿಜ್ಞಾನಿ ಎ. ಜೆ. ಟಿ. ಜಾನ್‌ಸಿಂಗ್ 1970ರ ದಶಕದ ಕೊನೆಯಲ್ಲಿ ಅಲ್ಲಿ ಕೆನ್ನಾಯಿಗಳ ಹಿಂದೆ ನಡೆದು ಮಾಡಿದ ಅಧ್ಯಯನ ಈ ಕಥೆಯ ಮೊದಲ ಅಧ್ಯಾಯ. ಗುಂಪಿನ ದೊಡ್ಡ ನಾಯಿಗಳೆಲ್ಲ ಸೇರಿ ಮರಿಗಳನ್ನು ಸಾಕುವುದು, ಬೇಟೆಯ ಮಾಂಸವನ್ನು ನುಂಗಿ ತಂದು ಗೂಡಿನ ಬಳಿ ಕಕ್ಕಿ ಉಣಿಸುವುದು, ಹಗಲು ಬೇಟೆ ಮುಂತಾದವೆಲ್ಲ ವಿಜ್ಞಾನದ ದಾಖಲೆಗೆ ಗಟ್ಟಿಯಾಗಿ ಸೇರಿದ್ದು ಆಗ. ಕೃಪಾಕರ–ಸೇನಾನಿ ಬರೆದದ್ದು ಎರಡನೆಯ ಅಧ್ಯಾಯ. ವಿಜ್ಞಾನಿ ‘ಗುಂಪು’ ಎಂದದ್ದರೊಳಗೆ ಇವರು ಒಂದೊಂದು ನಾಯಿಯನ್ನೂ ಕಂಡರು. ‘ವೈಲ್ಡ್ ಡಾಗ್ ಡೈರೀಸ್’ ಮತ್ತು ಮುಂದೆ ಬಂದ ‘ದಿ ಪ್ಯಾಕ್’ ಚಿತ್ರಗಳ ಬಲ ಇರುವುದು ಇಲ್ಲಿ. ‘ದಿ ಪ್ಯಾಕ್’ಗೆ 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಬಂತು, ಪತ್ರಿಕೆಗಳು ‘ಗ್ರೀನ್ ಆಸ್ಕರ್’ ಎಂದು ಬರೆದದ್ದು ಇದನ್ನೇ. ಟಿ.ವಿ.ಯ ಚಿತ್ರಗಳು ಇಂಗ್ಲಿಷಿನವು. ಕನ್ನಡಿಗರಿಗೆ ಸಲ್ಲಬೇಕಾದದ್ದು ‘ಕೆನ್ನಾಯಿಯ ಜಾಡಿನಲ್ಲಿ’ ಎಂಬ ಪುಸ್ತಕದಲ್ಲಿ ಸಂದಿತು. ನನ್ನ ಮಟ್ಟಿಗೆ ಚಿತ್ರಕ್ಕಿಂತ ಪುಸ್ತಕವೇ ಮೇಲು. ಕ್ಯಾಮೆರಾ ಬೇಟೆ ಸಿಕ್ಕ ದಿನವನ್ನು ತೋರಿಸುತ್ತದೆ, ಬರಹಕ್ಕೆ ಏನೂ ಸಿಗದ ದಿನಗಳನ್ನೂ ಹೇಳುವ ಸ್ವಾತಂತ್ರ್ಯವಿದೆ.

ಕಾಡುಪ್ರಾಣಿಗೆ ವ್ಯಕ್ತಿತ್ವ ಕೊಟ್ಟು ಕಥೆ ಕಟ್ಟುವುದನ್ನು ಶಾಸ್ತ್ರಜ್ಞರು ಅನುಮಾನದಿಂದ ನೋಡುತ್ತಾರೆ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ, ಟಿ.ವಿ. ಸರಣಿಗೆ ನಾಯಕಿ ಬೇಕು, ಕಾಡಿಗೆ ಬೇಕಿಲ್ಲ. ಆದರೆ ಹೆಸರು ಕೆಟ್ಟ ಪ್ರಾಣಿಯ ವಿಷಯದಲ್ಲಿ ಬೇರೆ ದಾರಿ ಇತ್ತೇ ಎಂದೂ ಕೇಳಬೇಕು. ಆಫ್ರಿಕದಲ್ಲಿ ಹೀಗೇ ಆಗಿತ್ತು. ಜೇನ್ ಗುಡಾಲ್ ಮತ್ತು ಚಿತ್ರಗ್ರಾಹಕ ಹ್ಯೂಗೊ ವಾನ್ ಲಾವಿಕ್ 1970ರಲ್ಲಿ ತಂದ ‘ಇನೊಸೆಂಟ್ ಕಿಲ್ಲರ್ಸ್’ ಪುಸ್ತಕ ಅಲ್ಲಿನ ಕಾಡುನಾಯಿ, ಕತ್ತೆಕಿರುಬ, ನರಿಗಳ ಪರವಾಗಿ ಮಾಡಿದ ವಾದ ಅಂಕಿಅಂಶದ್ದಲ್ಲ. ಒಂದೊಂದು ಪ್ರಾಣಿಯ ಬದುಕನ್ನು ಹತ್ತಿರದಿಂದ ನೋಡಿಸಿದ ವಾದ. ಅಲ್ಲೂ ಬರೆಯುವ ಕೈ ಮತ್ತು ಚಿತ್ರ ತೆಗೆಯುವ ಕಣ್ಣು ಜೊತೆಗೂಡಿದ್ದವು. ಇನಾಮು ಇಟ್ಟು ಕೊಲ್ಲಿಸಿದ ಪ್ರಾಣಿಗೆ ಕಾಯ್ದೆ ರಕ್ಷಣೆ ಕೊಟ್ಟೀತು, ಮರ್ಯಾದೆ ಕೊಡಲಾರದು.

ಇಲ್ಲಿಂದ ಒಲೆಗೆ ಹೋಗುವ ದಾರಿ ಮೇಲ್ನೋಟಕ್ಕೆ ಕಾಣುವುದಿಲ್ಲ. ನನ್ನ ವಿವರಣೆ ಊಹೆಯದು, ಆದರೆ ಬುಡವಿಲ್ಲದ ಊಹೆಯಲ್ಲ. ಹುಲಿ ಬಹುಮಟ್ಟಿಗೆ ಕತ್ತಲೆಯ ಬೇಟೆಗಾರ. ಕೆನ್ನಾಯಿ ಬೆಳಗ್ಗೆ ಮತ್ತು ಇಳಿಹೊತ್ತಿನಲ್ಲಿ, ಬೆಳಕಿರುವಾಗಲೇ ಬೇಟೆಗಿಳಿಯುತ್ತದೆ. ಸೌದೆಗೆ, ದನ ಮೇಯಿಸಲು ಹಳ್ಳಿಯವರು ಕಾಡು ಹೊಗುವುದೂ ಹಗಲಿನಲ್ಲೇ. ಕೆನ್ನಾಯಿ ಕೆಡವಿದ ಜಿಂಕೆಯಿಂದ ನಾಯಿಗಳನ್ನು ಓಡಿಸಿ ಜನ ಮಾಂಸ ಕೊಂಡೊಯ್ಯುವುದನ್ನು ಜಾನ್‌ಸಿಂಗ್ ಕೂಡ ದಾಖಲಿಸಿದ್ದಾರೆ. ಅಂದರೆ ಕೆನ್ನಾಯಿಯ ಜಾಡು ಹಿಡಿದವನಿಗೆ ಮನುಷ್ಯ ಎದುರಾಗದೆ ಇರುವುದಿಲ್ಲ. ಹುಲಿಯ ಚಿತ್ರ ತೆಗೆಯುವವನು ಮನುಷ್ಯನನ್ನು ಚೌಕಟ್ಟಿನಿಂದ ಆಚೆ ಇಡಬಹುದು. ಕೆನ್ನಾಯಿಯದು ತೆಗೆಯುವವನಿಗೆ ಆ ಸೌಕರ್ಯವಿಲ್ಲ.

ಬಂಡೀಪುರದ ಉತ್ತರದ ಅಂಚನ್ನು ನೋಡಿದವರಿಗೆ ಇದು ಇನ್ನೂ ಸ್ಪಷ್ಟ. 1931ರಲ್ಲಿ ಮೈಸೂರು ಅರಸರು ಕಾಯ್ದಿಟ್ಟ 90 ಚದರ ಕಿಲೋಮೀಟರ್ ಕಾಡು ಹತ್ತು ವರ್ಷದಲ್ಲಿ 800ಕ್ಕೆ ಹಿಗ್ಗಿ ವೇಣುಗೋಪಾಲ ವನ್ಯಧಾಮವಾಯಿತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. ಗೆರೆಯ ಈಚೆ ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳ ಸಾಲು. ಅಲ್ಲಿನ ಸೌದೆ ಬರಿಯ ಮುದ್ದೆ ಬೇಯಿಸುವ ಸೌದೆಯಲ್ಲ. ಅರಿಸಿನ ಬೇಯಿಸಬೇಕು, ಹೊಗೆಸೊಪ್ಪು ಹದಮಾಡಬೇಕು. ದನಗಳದು ಇನ್ನೂ ಸೋಜಿಗದ ಕಥೆ. ಎಂ. ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದಂತೆ, ಕಾಡಿನಲ್ಲಿ ಮೇಯುವ ಈ ದನಗಳ ಸಗಣಿ ಗೊಬ್ಬರವಾಗಿ ಕಾಫಿ ತೋಟಗಳಿಗೆ ಮಾರಾಟವಾಗುತ್ತಿತ್ತು. ಹೊರದೇಶದ ಕಾಫಿ ಬೆಲೆ ಏರಿದಾಗ ಬಂಡೀಪುರದಲ್ಲಿ ಮೇಯುವ ದನಗಳೂ ಹೆಚ್ಚುತ್ತಿದ್ದವು. ಕಾಡಿನ ಹುಲ್ಲು ದನದ ಹೊಟ್ಟೆಯಲ್ಲಿ ಹಾದು, ಲಾರಿ ಹತ್ತಿ, ಯಾರದೋ ತೋಟದ ಬುಡ ಸೇರುವ ವ್ಯವಹಾರ ಇದು. ಹಳ್ಳಿಯವನನ್ನು ಕಾಡುಗಳ್ಳನೆಂದು ಬೈಯುವವರು ಆ ಲಾರಿಯ ಬೆನ್ನು ಹತ್ತಿ ಹೋದದ್ದು ಕಡಿಮೆ.

ಕೃಪಾಕರ–ಸೇನಾನಿ ‘ನಮ್ಮ ಸಂಘ’ ಎಂಬ ಸಂಸ್ಥೆಯ ಮೂಲಕ ಕೈಗೆತ್ತಿಕೊಂಡದ್ದು ಇದರ ಒಂದು ಎಳೆಯನ್ನು ಮಾತ್ರ: ಅಡುಗೆಯ ಸೌದೆ. ಕಾಡಂಚಿನ ಮನೆಗಳಿಗೆ ಅನಿಲ ಸಂಪರ್ಕ ಕೊಡಿಸುವುದು, ಸಿಲಿಂಡರ್ ಖಾಲಿಯಾದಾಗ ಮತ್ತೆ ಸಿಗುವಂತೆ ನೋಡಿಕೊಳ್ಳುವುದು ಆ ಕೆಲಸದ ತಿರುಳು. ಕೇಂದ್ರ ಸರಕಾರದ ಉಜ್ವಲಾ ಯೋಜನೆ ಬಂದದ್ದು 2016ರ ಮೇ ತಿಂಗಳಲ್ಲಿ. ಇವರ ಕೆಲಸ ಅದಕ್ಕಿಂತ ಎಷ್ಟೋ ಹಿಂದಿನದು. ಉಜ್ವಲಾದ ದೊಡ್ಡ ತೊಡಕು ಏನೆಂದು ಈಗ ಎಲ್ಲರೂ ಬಲ್ಲರು. ಮೊದಲ ಸಿಲಿಂಡರ್ ಮನೆಗೆ ಬರುತ್ತದೆ. ಎರಡನೆಯದಕ್ಕೆ ದುಡ್ಡೂ ಇಲ್ಲ, ತಂದುಕೊಡುವವರೂ ಇಲ್ಲ. ಹೆಣ್ಣುಮಕ್ಕಳು ಮತ್ತೆ ಸೌದೆಗೆ ಹೊರಡುತ್ತಾರೆ. ಸಂಪರ್ಕದ ಲೆಕ್ಕ ಒಂದು, ಉರಿಯುವ ಒಲೆಯ ಲೆಕ್ಕ ಇನ್ನೊಂದು. ಒಂದೇ ಗುಂಪಿನ ನಾಯಿಗಳನ್ನು ವರ್ಷ ವರ್ಷವೂ ಎಣಿಸಿ ಅಭ್ಯಾಸವಾದವರಿಗೆ ಈ ಎರಡನೆಯ ಲೆಕ್ಕ ಮುಖ್ಯವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಇದನ್ನು ಹೊಗಳಿ ಮುಗಿಸುವಂತಿಲ್ಲ. ಅಡುಗೆ ಅನಿಲ ಅರಿಸಿನದ ಕೊಪ್ಪರಿಗೆಗೆ ಆಗದು, ದನದ ಮೇವಿಗಂತೂ ಸಂಬಂಧವೇ ಇಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಕಾಡಿನ ಒಳಗಿನ ಲಾಂಟಾನವೂ ಅಂಚಿನ ಜನರ ಅಸಮಾಧಾನವೂ ಒಟ್ಟಿಗೇ ಚರ್ಚೆಗೆ ಬಂದವು. ಒಲೆಯೊಂದನ್ನು ಸರಿಮಾಡಿದರೆ ಮುಗಿಯುವ ವಿಷಯ ಇದಲ್ಲ.

ಕನ್ನಡದಲ್ಲಿ ಬರಹ, ಕ್ಯಾಮೆರಾ, ಕಾಡು ಮೂರೂ ಒಂದೇ ಕೈಗೆ ಬಂದದ್ದು ಇದೇ ಮೊದಲಲ್ಲ. ಶಿವರಾಮ ಕಾರಂತರು ಮೂಕಿ ಕಾಲದಲ್ಲೇ ‘ಡೊಮಿಂಗೊ’ ಎಂಬ ಚಿತ್ರ ಮಾಡಿದ್ದರು. 1970ರ ದಶಕದ ಕೊನೆಯಲ್ಲಿ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂದು ತೆರೆಗೆ ತಂದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ 1986ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರಲ್ಲಿ ಕಾರಂತರೂ ಒಬ್ಬರು. ಸುಮಾರು 30,000 ಹೆಕ್ಟೇರ್ ಊರೊಟ್ಟಿನ ಭೂಮಿಯನ್ನು ನೀಲಗಿರಿ ನೆಡಲು ಕೊಡುವ ಏರ್ಪಾಡು ಅದು. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟದ್ದು ಅದರ ವಿರುದ್ಧವೇ. ಆದರೆ ಕಾರಂತರಲ್ಲಿ ಸಿನಿಮಾ ಮತ್ತು ಚಳವಳಿ ಒಂದಕ್ಕೊಂದು ತಾಗದೆ ನಡೆದವು.  ಕೃಪಾಕರ–ಸೇನಾನಿ ಅವರಲ್ಲಿ ಮಾತ್ರ ಚಿತ್ರೀಕರಣದ ಜಾಗ ಮತ್ತು ಚಳವಳಿಯ ಜಾಗ ಒಂದೇ. ಅವರ ಶಕ್ತಿಯೂ ಅದು, ಮಿತಿಯೂ ಅದು.

ಮಿತಿ ಎನ್ನಲು ಕಾರಣ ಬಂಡೀಪುರದಿಂದ ದೂರದ ನಮ್ಮ ಮಲಪ್ರಭೆಯ ಸೀಮೆಯಲ್ಲಿ ಇದೆ. ನವಿಲುತೀರ್ಥದ ಅಣೆಕಟ್ಟಿನ ಕೆಳಗೆ ಮಲಪ್ರಭೆಯ ದಂಡೆಯಲ್ಲಿರುವ ಮನೋಳಿಗೆ ಕೆನ್ನಾಯಿ ಕಥೆಯ ಪ್ರಾಣಿ. ಈ ಬಯಲುಸೀಮೆಯ ಕುರಿಗಾಹಿಗಳು ಬಲ್ಲದ್ದು ತೋಳ. ಆದರೆ ಊರಿನ ಮುಂದೆ ಹರಿಯುವ ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅದೇ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, 190 ಚದರ ಕಿಲೋಮೀಟರಿನಷ್ಟು ಕಾಡು. ಅಲ್ಲಿ ಕೆನ್ನಾಯಿಯೂ ಇದೆ, ಬಾರಾಪೇಡೆ ಗುಹೆಯ ಅಪರೂಪದ ಬಾವಲಿಯೂ ಇದೆ. ಆಮಗಾಂವ್‌ನಂಥ ಕಾಡೊಳಗಿನ ಹಳ್ಳಿಗಳಲ್ಲಿ ಬಂಡೀಪುರದ ಮಾದರಿಯನ್ನು ಹೇಗೋ ಹೊಂದಿಸಬಹುದು, ಒಲೆ ಅಲ್ಲಿಯೂ ಉರಿಯುತ್ತದೆ. ಆ ಕಾಡಿನ ಮೇಲೆ ನಿಜವಾಗಿ ಬಿದ್ದಿರುವ ಕಣ್ಣು ಮಾತ್ರ ಸೌದೆಯದಲ್ಲ, ನೀರಿನದು. ಮಹದಾಯಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆಗೆ ನರಗುಂದ, ನವಲಗುಂದ, ಸವದತ್ತಿ, ರಾಮದುರ್ಗದ ರೈತರ ವರ್ಷಗಟ್ಟಲೆಯ ಹೋರಾಟವಿದೆ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಈ ಎರಡು ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಒಪ್ಪಿತು. 

ಬಂಡೀಪುರದಲ್ಲಿ ಕಾಡಿಗೆ ಭಾರವಾಗಿರುವವನೂ ಕಾಡಿನ ಕಾಟ ತಿನ್ನುವವನೂ ಒಬ್ಬನೇ, ಅವನ ಮನೆ ಕ್ಯಾಮೆರಾ ಇಟ್ಟ ಜಾಗದಿಂದ ನಡೆದು ಹೋಗುವಷ್ಟು ದೂರ. ಭೀಮಗಡದ ನೀರು ಬೇಕಾದ ರೈತ ಆ ಕಾಡನ್ನು ನೋಡಿಯೂ ಇರಲಿಕ್ಕಿಲ್ಲ, ಅಲ್ಲಿಂದ ಒಂದು ಕಡ್ಡಿ ಸೌದೆಯನ್ನೂ ಅವನು ತಂದವನಲ್ಲ. ಅವನ ಎದುರು ಕೆನ್ನಾಯಿಯ ಚಿತ್ರ ತೋರಿಸಿದರೆ ಚೆನ್ನಾಗಿದೆ ಎಂದಾನು, ಬೇಡಿಕೆ ಬಿಡಲಾರ. ಬಿಡು ಎನ್ನುವ ಹಕ್ಕು ಚಿತ್ರ ತೆಗೆದವರಿಗೂ ಇಲ್ಲ. ಅಂಥ ಕೆಲಸ ಇಲ್ಲಿ ಆಗಬೇಕಾದರೆ ಕ್ಯಾಮೆರಾ ಒಂದು ಕಾಡಿನಲ್ಲಿ ಕೂತರೆ ಸಾಲದು. ಕಣಕುಂಬಿಯಲ್ಲಿ ಒಂದು ಮಳೆಗಾಲ, ಸವದತ್ತಿಯ ಕಾಲುವೆಯ ತುದಿಯ ಹೊಲದಲ್ಲಿ ಒಂದು ಬೇಸಿಗೆ ಕಳೆಯಬೇಕು. ಎರಡೂ ಕಡೆಯವರ ಮಾತನ್ನು ಒಂದೇ ಚಿತ್ರದಲ್ಲಿ, ಒಂದೇ ಪುಸ್ತಕದಲ್ಲಿ ಕೇಳಿಸಬೇಕು.